ಇಪ್ಪತ್ತು ನಿಮಿಷ ಆದ್ಮೇಲೆ ಕಾರ್ಡ್ ನೋಡ್ಬಾರ್ದು

ಸೂಜಿ ಚುಚ್ಚಿದ್ದು ಬೆಳಗ್ಗೆ 11.40ಕ್ಕೆ. ಟೈಮ್ ಇಷ್ಟು ಕರೆಕ್ಟಾಗಿ ಹೇಗೆ ಗೊತ್ತು ಅಂದ್ರೆ, ಅವತ್ತು ನಾಕು ಕಡೆ ನಾಕು ಜನ ಅದನ್ನೇ ಕೇಳಿ ಫಾರಂ ಮೇಲೆ ಬರ್ಕೊಂಡ್ರು, ಹೇಳಿ ಹೇಳಿ ಬಾಯಿಪಾಠ ಆಗೋಯ್ತು.

ನಾನು ಲ್ಯಾಬ್ ಟೆಕ್ನಿಷಿಯನ್, ಒಂಬತ್ತು ವರ್ಷ ಆಯ್ತು. ಹಾಸನದ ಕಡೆ ಒಂದು ತಾಲ್ಲೂಕಲ್ಲಿ ಬಸ್‌ಸ್ಟ್ಯಾಂಡ್ ಎದುರಿಗಿರೋ ಚಿಕ್ಕ ಲ್ಯಾಬು. ಅವತ್ತು ಭಾನುವಾರ, ಕಲ್ಯಾಣ ಮಂಟಪದಲ್ಲಿ ಹೆಲ್ತ್ ಕ್ಯಾಂಪ್. ಶುಗರ್, ಎಚ್‌ಬಿ, ಥೈರಾಯ್ಡ್, ಇಷ್ಟೇ. 80 ಜನಕ್ಕಿಂತ ಜಾಸ್ತಿ ಬಂದಿದ್ರು, ಎಲ್ರೂ ಖಾಲಿ ಹೊಟ್ಟೇಲಿ, ಒಳಗಡೆ ಅಡುಗೆಮನೇಲಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದ ವಾಸನೆ ಬೇರೆ ಬರ್ತಿತ್ತು, ಹಾಗಾಗಿ ಎಲ್ರಿಗೂ ಅರ್ಜೆಂಟು, ಎಲ್ರಿಗೂ ಸಿಟ್ಟು. ನನ್ ಜೊತೆ ಇದ್ದಿದ್ದು ಒಬ್ಬಳೇ ಹುಡುಗಿ, ಡಿಎಂಎಲ್‌ಟಿ, ಅಂದ್ರೆ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಓದ್ತಿರೋಳು, ಟ್ರೈನಿಂಗಿಗೆ ಬಂದೋಳು.

ನಮ್ಮಂಥ ಲ್ಯಾಬಲ್ಲಿ ಸಿರಿಂಜಲ್ಲೇ ರಕ್ತ ತೆಗೀತೀವಿ, ಆಮೇಲೆ ಸೂಜಿ ಬಿಚ್ಚಿ ಟ್ಯೂಬಿಗೆ ಬಿಡ್ತೀವಿ. ಆ ಬಿಚ್ಚಿದ ಸೂಜಿ ನೆಟ್ಟಗೆ ಬಿಳಿ ಡಬ್ಬಿಗೆ ಹೋಗ್ಬೇಕು. ಡಬ್ಬಿ ಕತ್ತಿನ ತನಕ ತುಂಬಿತ್ತು. ನಾನು ಬೆಳಗ್ಗೆ 10 ಗಂಟೆಗೇ ನೋಡಿದ್ದೆ, ಆಮೇಲೆ ಮಾಡೋಣ ಅಂತ ಬಿಟ್ಟಿದ್ದೆ. ಮುಕ್ಕಾಲು ತುಂಬಿದ್ರೆ ಮುಚ್ಚಿ ಬೇರೆ ಡಬ್ಬಿ ಇಡ್ಬೇಕು ಅಂತ ಹಿಂದಿನ ವಾರ ಆ ಹುಡುಗಿಗೆ ಪಾಠ ಹೇಳಿದ್ದೂ ನಾನೇ. ಅವಳು ಪಾಪ ಜಾಗ ಇಲ್ದೇ ಒಂದು ಸೂಜೀನ ಕಿಡ್ನಿ ಟ್ರೇನಲ್ಲೇ ಇಟ್ಟಿದಾಳೆ, ಅದ್ರ ಮೇಲೆ ಹತ್ತಿ ಬಿದ್ದಿದೆ, ನಾನು ಹತ್ತಿ ಎಲ್ಲ ಬಾಚಿ ಹಳದಿ ಕವರಿಗೆ ಹಾಕೋಣ ಅಂತ ಕೈ ಹಾಕ್ದೆ.

ಎಡಗೈ ನಡುಬೆರಳು. ನೋವೇನೂ ಇಲ್ಲ, ಇರುವೆ ಕಚ್ಚಿದ ಹಾಗೆ. ಗ್ಲೌಸ್ ಒಳಗಡೆ ರಕ್ತ ಹರಡಿಕೊಳ್ತಾ ಇದ್ದಿದ್ದು ಮಾತ್ರ ಕಾಣಿಸ್ತು, ರಬ್ಬರ್ ಕೆಳಗೆ ಕುಂಕುಮ ಅದ್ದಿದ ಹಾಗೆ ಮೆಲ್ಲಗೆ ದೊಡ್ಡದಾಗ್ತಾ. ಸೂಜಿ ಎತ್ತಿ ನೋಡಿದ್ರೆ 23 ಗೇಜು, ಅದ್ರ ಬುಡದಲ್ಲಿ ರಕ್ತ ಇನ್ನೂ ಹಸಿ ಇದೆ.

ಒಂಬತ್ತು ವರ್ಷದ ಅನುಭವ ಇಟ್ಕೊಂಡು ನಾನು ಮಾಡಿದ್ದೇನು ಅಂದ್ರೆ, ಏನೇನು ಮಾಡ್ಬಾರ್ದೋ ಅದೇ. ಬೆರಳು ಹಿಂಡಿದೆ. ಸ್ಪಿರಿಟ್ ಸುರಿದೆ. ಹಿಂಡಬಾರ್ದು, ಬಾಯಿಗೆ ಇಟ್ಕೋಬಾರ್ದು, ಸ್ಪಿರಿಟ್ಟು ಬ್ಲೀಚು ಯಾವ್ದೂ ಬೇಡ, ಸುಮ್ನೆ ಸೋಪ್ ಹಾಕಿ ಹರಿಯೋ ನೀರಲ್ಲಿ ತೊಳೀಬೇಕು ಅಂತ ನಮ್ ಲ್ಯಾಬ್ ಗೋಡೆ ಮೇಲೇ ಚಾರ್ಟ್ ಇದೆ, ಅದನ್ನ ಅಂಟಿಸಿದ್ದೂ ನಾನೇ. ಐದು ನಿಮಿಷ ಆದ್ಮೇಲೆ ಬುದ್ಧಿ ಬಂದು ಮಂಟಪದ ಕೈ ತೊಳೆಯೋ ಜಾಗಕ್ಕೆ ಹೋಗಿ ತೊಳ್ಕೊಂಡೆ. ಪಕ್ಕದಲ್ಲಿ ಒಬ್ರು ಅಜ್ಜ ಉಪ್ಪಿಟ್ಟು ತಿಂದು ಬಾಯಿ ಮುಕ್ಕಳಿಸ್ತಾ, ಏನವ್ವ ಕುಯ್ಕಂಡ್ಯಾ ಅಂದ್ರು. ಹೂಂ ಅಜ್ಜ ಅಂದೆ.

ಓನರಿಗೆ ಫೋನ್ ಮಾಡ್ದೆ. ಏನೂ ಆಗಲ್ಲ ಬಿಡಮ್ಮ, ಒಂದು ಟಿಟಿ ಹಾಕಿಸ್ಕೋ ಅಂದ್ರು. ನಮ್ ಕಡೆ ಏನಾದ್ರೂ ಚುಚ್ಚಿದ್ರೆ ಕುಯ್ದ್ರೆ ಎಲ್ಲದಕ್ಕೂ ಟಿಟಿ, ಅದೊಂದು ಮಂತ್ರ. ಆಮೇಲೆ ಅವ್ರೇ ಹೇಳಿದ ಇನ್ನೊಂದು ಮಾತಿದೆ, ಅದನ್ನ ಮುಂದೆ ಬರೀತೀನಿ. ಈ ಹುಡುಗಿ ಅಳೋಕೆ ಶುರು ಮಾಡಿದ್ಲು, ಅಕ್ಕ ನನ್ನಿಂದ ಆಯ್ತು ಅಂತ. ಡಬ್ಬಿ ತುಂಬಿರೋದು ನೋಡಿ ಸುಮ್ನಿದ್ದಿದ್ದು ನಾನು ಕಣೆ ಅಂದೆ, ಅವಳಿಗೆ ಸಮಾಧಾನ ಆಗಲಿಲ್ಲ, ನಂಗೂ ಆಗಲಿಲ್ಲ.

ಬಸ್ ಹತ್ತಿ ಜಿಲ್ಲಾಸ್ಪತ್ರೆ ಕ್ಯಾಷುಯಾಲ್ಟಿಗೆ ಹೋಗೋ ಹೊತ್ತಿಗೆ 3 ಗಂಟೆ. ಪಿಇಪಿ ಅಂತಾರಲ್ಲ, ಚುಚ್ಚಿದ್ಮೇಲೆ ಎಚ್‌ಐವಿ ಹತ್ತದೇ ಇರ್ಲಿ ಅಂತ ತಗೊಳ್ಳೋ ಮಾತ್ರೆ, ಅದನ್ನ 2 ಗಂಟೆ ಒಳಗೆ ಶುರು ಮಾಡಿದ್ರೆ ಒಳ್ಳೇದು, 72 ಗಂಟೆ ದಾಟಿದ್ರೆ ಪ್ರಯೋಜನ ಇಲ್ಲ. ನಂದು ಮೂರು ಗಂಟೆ ಇಪ್ಪತ್ತು ನಿಮಿಷ ಆಗಿತ್ತು. ಆ ಒಂದು ಗಂಟೆ ಇಪ್ಪತ್ತು ನಿಮಿಷ ಮುಂದೆ ಆರು ತಿಂಗಳು ನನ್ನ ತಲೆ ತಿಂತು, ಕ್ಯಾಂಪ್ ಮುಗಿಸಿ ಟ್ಯೂಬ್ ಎಲ್ಲ ಪ್ಯಾಕ್ ಮಾಡಿ ಹೋಗಿದ್ದು ಯಾಕೆ, ಎಲ್ಲ ಬಿಟ್ಟು ಓಡಬಾರ್ದಾಗಿತ್ತಾ ಅಂತ.

ಡ್ಯೂಟಿ ಡಾಕ್ಟರ್ ಚಿಕ್ಕ ಹುಡುಗ, ನನ್ ತಮ್ಮನ ವಯಸ್ಸು. ಅವರು ಕೇಳಿದ್ದು ಎರಡೇ ಪ್ರಶ್ನೆ. ಎಂಥ ಸೂಜಿ, ಯಾರ ರಕ್ತ. ಎಂಥ ಸೂಜಿ ಅಂತ ಹೇಳ್ದೆ. ಯಾರ ರಕ್ತ ಅನ್ನೋದಕ್ಕೆ, 80 ಜನರಲ್ಲಿ ಒಬ್ರು ಸರ್ ಅಂದೆ. ಅವರು ಪೆನ್ನು ಇಟ್ಟು ನನ್ ಮುಖ ನೋಡಿದ್ರು. ಸೋರ್ಸ್ ಅನ್‌ನೋನ್ ಅಂತ ಬರೆದ್ರು. ಹೆಪಟೈಟಿಸ್ ಬಿ ಲಸಿಕೆ ಆಗಿದ್ಯಾ ಅಂದ್ರು. ಎರಡು ಡೋಸ್ ಆಗಿತ್ತು, ಮೂರನೇದು ಆರು ತಿಂಗಳಿಗೆ ಹಾಕಿಸ್ಕೋಬೇಕು, ಅದು ಯಾವಾಗ್ಲೋ ಮರೆತು ಹೋಗಿತ್ತು. ಮೇಡಂ ನೀವು ಎಚ್‌ಐವಿಗೆ ಹೆದರ್ಕೊಂಡು ಬಂದಿದೀರ, ನಾನು ಹೆದರೋದು ಬಿಗೆ ಅಂದ್ರು. ಲಸಿಕೆ ಇಲ್ದೇ ಇರೋರಿಗೆ ಬಿ ಇರೋ ರಕ್ತದ ಸೂಜಿ ಚುಚ್ಚಿದ್ರೆ ನೂರಕ್ಕೆ 30 ಜನಕ್ಕೆ ತನಕ ಬರಬಹುದು, ಎಚ್‌ಐವಿ ಇರೋ ರಕ್ತ ಆದ್ರೆ ಸಾವಿರಕ್ಕೆ 3. ಇದು ನಂಗೆ ಗೊತ್ತಿದ್ದಿದ್ದೇ, ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡಿದೀನಿ. ಆದ್ರೆ ಊರಲ್ಲಿ ಯಾರಾದ್ರೂ ಬಿ ಅಂದ್ರೆ ಮುಖ ತಿರುಗಿಸ್ತಾರಾ? ಹೆದರಿಕೆ ಆ ಇನ್ನೊಂದು ಹೆಸರಿಗೇ.

ಲಸಿಕೆ ಹಾಕಿದ್ರು, ರಕ್ತ ತಗೊಂಡ್ರು. ಇದು ಬೇಸ್‌ಲೈನು, ಅಂದ್ರೆ ಇವತ್ತಿನ ತನಕ ನಂಗೆ ಏನೂ ಇರಲಿಲ್ಲ ಅಂತ ದಾಖಲೆಗೆ. ಅಲ್ಲೇ ನೀರು ಕೊಟ್ಟು ಮೊದಲನೇ ಮಾತ್ರೆ ನುಂಗಿಸಿದ್ರು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್, ಮೂರೂ ಸೇರಿ ಒಂದೇ ಮಾತ್ರೆ, ದಿನಕ್ಕೊಂದು, 28 ದಿನ. ಸೋಮವಾರ ಎಆರ್‌ಟಿ ಸೆಂಟರಿಗೆ, ಅಂದ್ರೆ ಎಚ್‌ಐವಿ ಔಷಧಿ ಕೊಡೋ ಕಡೆಗೆ ಹೋಗಿ 30 ಮಾತ್ರೆ ಬಾಟಲಿ ತಗೊಂಡೆ. ಒಂದು ಪೈಸೆ ತಗೊಳ್ಳಲಿಲ್ಲ.

ಈಗ ಓನರ್ ಹೇಳಿದ ಇನ್ನೊಂದು ಮಾತು. ಭಾನುವಾರ ರಾತ್ರಿ ಫೋನ್ ಮಾಡಿ, 80 ಟ್ಯೂಬೂ ನಮ್ ಫ್ರಿಜ್ಜಲ್ಲೇ ಇದ್ಯಲ್ಲಮ್ಮ, ಒಂದೊಂದಕ್ಕೂ ಎಚ್‌ಐವಿ ಟೆಸ್ಟ್ ಕಾರ್ಡ್ ಹಾಕಿ ನೋಡ್ಬಿಡು, ಟೆನ್ಷನ್ನೇ ಮುಗೀತು ಅಂದ್ರು. ಸುಳ್ಳು ಯಾಕೆ ಹೇಳ್ಲಿ, ಅವರು ಹೇಳೋಕೆ ಮುಂಚೆ ಬಸ್ಸಲ್ಲಿ ಬರ್ತಾ ನಂಗೂ ಅದೇ ಹೊಳೆದಿತ್ತು. ಎಲ್ಲ ಟ್ಯೂಬಿಗೂ ನಂಬರ್ ಇದೆ, ಸೀರಮ್ ಉಳಿದಿದೆ, ಕಿಟ್ ಇದೆ, ಕೇಳೋರಿಲ್ಲ. ಸೋಮವಾರ ಸಾಯಂಕಾಲ ಎಲ್ರೂ ಹೋದ್ಮೇಲೆ ಫ್ರಿಜ್ ಬಾಗಿಲು ತೆಗೆದು ನಿಂತೆ. ರ‍್ಯಾಕ್ ತುಂಬಾ ಕೆಂಪು ಮುಚ್ಚಳ. ಹೆಸರುಗಳು ಗೊತ್ತು ನಂಗೆ. ಹೂ ಮಾರೋ ಆಂಟಿ, ನಮ್ ಬೀದಿ ಮೇಷ್ಟ್ರು, ಅತ್ತೆಯ ದೊಡ್ಡಮ್ಮನ ಮಗ. ಇವ್ರೆಲ್ಲ ಶುಗರ್ ನೋಡೋಕೆ ಕೈ ಕೊಟ್ಟಿದ್ದು. ಒಪ್ಪಿಗೆ ಇಲ್ದೇ ಎಚ್‌ಐವಿ ಟೆಸ್ಟ್ ಮಾಡೋ ಹಾಗಿಲ್ಲ ಅಂತ 2017ರ ಕಾಯ್ದೇಲಿ ಇದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಗೂ ಬಂದಿದೆ. ಆದ್ರೆ ನನ್ ಕೈ ತಡೆದಿದ್ದು ಕಾಯ್ದೆ ಅಲ್ಲ. 80ರಲ್ಲಿ ಒಂದು ಕಾರ್ಡಲ್ಲಿ ಗೆರೆ ಬಂತು ಅಂತ ಇಟ್ಕೊಳ್ಳಿ, ಅದು ಹೂವಿನ ಆಂಟೀದು ಅಂತ ಇಟ್ಕೊಳ್ಳಿ, ನಾಳೆ ಬೆಳಗ್ಗೆ ಮೊಳ ಮಲ್ಲಿಗೆ ತಗೊಳ್ವಾಗ ನಾನು ಎಲ್ಲಿ ನೋಡ್ಲಿ? ಅವ್ರಿಗೆ ಹೇಳೋ ಹಾಗಿಲ್ಲ, ಹೇಳ್ದೇ ಇರೋ ಹಾಗೂ ಇಲ್ಲ. ಫ್ರಿಜ್ ಬಾಗಿಲು ಮುಚ್ಚಿದೆ. ಆ ವಾರ ಬೇಕಾದ ಟೆಸ್ಟ್ ಎಲ್ಲ ಮುಗಿಸಿ ಟ್ಯೂಬ್‌ಗಳನ್ನ ನಾನೇ ಡಿಸ್ಪೋಸ್ ಮಾಡಿಸ್ದೆ, ಇದ್ರೆ ಇನ್ನೊಂದು ದಿನ ಮನಸ್ಸು ಬದಲಾಗ್ತಿತ್ತೇನೋ.

ನಮ್ಮನೆಯವ್ರು ಬಸ್ ಕಂಡಕ್ಟರ್. ಅವತ್ತು ನೈಟ್ ಹಾಲ್ಟ್ ಇತ್ತು, ಸೋಮವಾರ ಮಧ್ಯಾಹ್ನ ಬಂದ್ರು. ಊಟ ಮಾಡ್ತಿದ್ದಾಗ್ಲೇ ಹೇಳ್ಬಿಟ್ಟೆ. ಅವರು ತುತ್ತು ಇಳಿಸಿ, ಕೈ ಒಣಗೋ ತನಕ ಕೂತಿದ್ರು. ಆಮೇಲೆ ಲೆಕ್ಕ ಕೇಳಿದ್ರು, ಎಷ್ಟಕ್ಕೆ ಎಷ್ಟು ಅಂತ. ನಾನು ಸಾವಿರಕ್ಕೆ 3 ಅಂದೆ, ಅದೂ ಆ ರಕ್ತದಲ್ಲಿ ಇದ್ರೆ ಮಾತ್ರ. ಇರೋದು ಎಷ್ಟು ಜನಕ್ಕೆ ಅಂದ್ರು. ಇನ್ನೂರಕ್ಕೆ ಒಬ್ರು ಅಂತ ಜಾಸ್ತೀನೇ ಇಟ್ಕೊಳ್ಳಿ ಅಂದೆ. ಟ್ರಿಪ್ ಶೀಟ್ ಹಿಂದೆ ಬರೆದ್ರು. ಹತ್ತು ಲಕ್ಷ ಜನಕ್ಕೆ ಹೀಗೆ ಸೂಜಿ ಚುಚ್ಚಿದ್ರೆ 5 ಸಾವಿರ ಸೂಜೀಲಿ ಎಚ್‌ಐವಿ, ಅದ್ರಲ್ಲಿ ಹತ್ತೋದು 15 ಜನಕ್ಕೆ. ಬಸ್ಸಿಗೆ 50 ಜನ ಅಂದ್ರೆ 20 ಸಾವಿರ ಬಸ್ಸು, ಅಷ್ಟು ಬಸ್ಸು ನಮ್ ಕಾರ್ಪೊರೇಷನ್ನಲ್ಲೇ ಇಲ್ಲ ಕಣೇ, ಅಷ್ಟೂ ಬಸ್ಸಲ್ಲಿ 15 ಜನ, ಅದೂ ನೀನು ಮಾತ್ರೆ ತಗೊಳ್ದೇ ಇದ್ರೆ ಅಂದ್ರು. ಲೆಕ್ಕ ಸರಿ ಇತ್ತು. ನಾನು ಎರಡು ದಿನ ಅದೇ ಲೆಕ್ಕ ಹಿಡ್ಕೊಂಡು ಓಡಾಡ್ದೆ. ಮೂರನೇ ದಿನ ರಾತ್ರಿ ಆ 15 ಜನ ಯಾವ್ ಬಸ್ಸಲ್ಲಿ ಕೂತಿದಾರೆ ಅಂತ ಯೋಚ್ನೆ ಶುರುವಾಯ್ತು.

ಮಾತ್ರೆ ಕೆಲಸ ಮಾಡುತ್ತೆ ಅನ್ನೋಕೂ ಆಧಾರ ಇದೆ. 1997ರಲ್ಲಿ ಬಂದ ಒಂದು ಸ್ಟಡೀಲಿ, ಹೀಗೇ ಸೂಜಿ ಚುಚ್ಚಿಸ್ಕೊಂಡ ಆಸ್ಪತ್ರೆ ಸಿಬ್ಬಂದೀಲಿ ಜಿಡೊವುಡಿನ್ ತಗೊಂಡೋರಿಗೆ ಅಪಾಯ ನೂರಕ್ಕೆ 81ರಷ್ಟು ಕಮ್ಮಿ ಅಂತ ಬಂತು, ಅದು ಆ ಕಾಲದ ಒಂದೇ ಔಷಧಿ, ಈಗ ನಾನು ನುಂಗ್ತಿರೋದು ಮೂರು. ಇದನ್ನೆಲ್ಲ ಓದೋದು ಸುಲಭ, ರಾತ್ರಿ ಎರಡು ಗಂಟೆಗೆ ಯಾವ್ದೂ ನೆನಪಿಗೆ ಬರಲ್ಲ.

ಬಾಟಲಿ ಬಚ್ಚಿಡೋದು ಇನ್ನೊಂದು ಕಥೆ. ಅತ್ತೆಗೆ ಗೊತ್ತಾಗೋದು ಬೇಡ ಅಂತ ಇಬ್ರೂ ಮಾತಾಡ್ಕೊಂಡಿದ್ವಿ. ದೊಡ್ಡ ಬುದ್ಧಿವಂತೆ ನಾನು, ಮೊದಲ ದಿನ ಮಾತ್ರೆ ಎಲ್ಲ ಹಳೇ ಕ್ಯಾಲ್ಸಿಯಂ ಡಬ್ಬಿಗೆ ಹಾಕಿಟ್ಟೆ. ಮಾರನೇ ದಿನ ಬೆಳಗ್ಗೆ ಅತ್ತೆ ಅದೇ ಡಬ್ಬಿ ಕೈಲಿ ಹಿಡ್ಕೊಂಡು, ಇದೇನೇ ಈ ಸಲ ಕ್ಯಾಲ್ಸಿಯಂ ಇಷ್ಟು ದಪ್ಪ ಬಂದಿದೆ ಅಂತಿದಾರೆ! ಹೇಗೋ ಎಕ್ಸ್‌ಪೈರಿ ಆಗಿದೆ ಅಂತ ಕಿತ್ಕೊಂಡೆ. ಆಮೇಲಿಂದ ಅದರ ಸ್ವಂತ ಬಾಟಲೀಲೇ, ಲೇಬಲ್ ಕಿತ್ತು, ಪ್ಯಾಡ್ ಕವರಿನೊಳಗೆ ಇಟ್ಟೆ, ಅಲ್ಲಿಗೆ ನಮ್ಮನೇಲಿ ಯಾರೂ ಕೈ ಹಾಕಲ್ಲ. ಒಳಗಿರೋ ಆ ತೇವ ಹೀರೋ ಪೊಟ್ಟಣ ಬಾಟಲಿ ಅಲ್ಲಾಡಿದ್ರೆ ಗಲಗಲ ಅಂತಿತ್ತು, ಅದೊಂದು ಭಯ. ಕ್ಯಾಲ್ಸಿಯಂ ಅಂದ್ರೆ ನೆನಪಾಯ್ತು, ಈ ಡೊಲುಟೆಗ್ರಾವಿರ್ ಜೊತೆ ಖಾಲಿ ಹೊಟ್ಟೇಲಿ ಕ್ಯಾಲ್ಸಿಯಂ ಐರನ್ ಮಾತ್ರೆ ತಗೊಂಡ್ರೆ ಇದು ಮೈಗೆ ಹತ್ತಲ್ಲ, ಇದು ತಗೊಂಡು 2 ಗಂಟೆ ಬಿಟ್ಟು ಅದನ್ನ ತಗೋಬೇಕು ಅಂತ ಕೌನ್ಸೆಲರ್ ಮೇಡಂ ಹೇಳಿದ್ರು. ನಂಗೆ ಎಚ್‌ಬಿ 10, ಐರನ್ ನುಂಗ್ತಾನೇ ಇದ್ದೆ, ಕೇಳಿದ್ದು ಒಳ್ಳೇದಾಯ್ತು. ಆರು ತಿಂಗಳ ಟೆಸ್ಟ್ ಆಗೋ ತನಕ ಕಾಂಡೋಮ್ ಬಳಸಿ, ರಕ್ತದಾನ ಬೇಡ ಅಂತಾನೂ ಹೇಳಿದ್ರು. ಎರಡನೇ ಮಗು ಯೋಚ್ನೇಲಿದ್ವಿ. ಅದು ನಿಂತ್ಕೊಳ್ತು. ಅತ್ತೆ ತಿಂಗಳು ತಿಂಗಳು ಏನಮ್ಮ ಅಂತ ಕೇಳ್ತಾನೇ ಇದ್ರು.

ಮೊದಲ ವಾರ ವಾಕರಿಕೆ, ತಲೆ ಭಾರ, ನಿದ್ದೆ ಬಂದ್ರೆ ಕನಸು. ಆಮೇಲೆ ಅದೆಲ್ಲ ಕಮ್ಮಿ ಆಯ್ತು. 19ನೇ ದಿನ ಗಂಟಲು ನೋವು ಬಂತು ನೋಡಿ. ಎಚ್‌ಐವಿ ಮೈಗೆ ಸೇರಿದ ಎರಡು ಮೂರು ವಾರಕ್ಕೆ ಜ್ವರ, ಗಂಟಲು ನೋವು, ಗಂಟು ಊದೋದು ಆಗುತ್ತೆ ಅಂತ ಓದಿದೀನಲ್ಲ. ಗೌರಿ ಹಬ್ಬದ ಮಳೇಲಿ ನೆನೆದಿದ್ದೆ, ಮನೇಲಿ ಮಗನಿಗೂ ಕೆಮ್ಮು, ಅತ್ತೆಗೂ ನೆಗಡಿ, ಅದ್ಯಾವ್ದೂ ತಲೆಗೆ ಹೋಗಲಿಲ್ಲ. ಬಾತ್‌ರೂಮಿಗೆ ಹೋಗಿ ಕಂಕುಳು ಮುಟ್ಟಿ ನೋಡೋದು, ಕತ್ತು ಒತ್ತಿ ನೋಡೋದು. ದಿನಕ್ಕೆ ಇಪ್ಪತ್ತು ಸಲ ಒತ್ತಿ ಒತ್ತಿ ಅಲ್ಲೇ ನೋವು ಬಂತು, ನೋವು ಬಂದಿದ್ದಕ್ಕೆ ಗಂಟೇ ಇರ್ಬೇಕು ಅಂತ ಮತ್ತೆ ಒತ್ತೋದು.

23ನೇ ದಿನ ರಾತ್ರಿ ಲ್ಯಾಬಲ್ಲಿ ಒಬ್ಳೇ ಇದ್ದೆ. ಡ್ರಾಯರಿಂದ ಒಂದು ಎಚ್‌ಐವಿ ಕಾರ್ಡ್ ತೆಗೆದೆ. ಇದು ಅರ್ಥ ಇಲ್ಲದ ಕೆಲಸ ಅಂತ ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತು? ವಿಂಡೋ ಪೀರಿಯಡ್ಡು, ಅಂದ್ರೆ ಸೋಂಕು ಹತ್ತಿದ್ರೂ ಟೆಸ್ಟಲ್ಲಿ ಕಾಣದೇ ಇರೋ ಸಮಯ, ಅದ್ರ ಮೇಲೆ ಮಾತ್ರೆ ನಡೀತಿದೆ, ಮಾತ್ರೆಯಿಂದ ಟೆಸ್ಟಲ್ಲಿ ಕಾಣ್ಸೋದು ಇನ್ನೂ ತಡ ಆಗಬಹುದು, ಈಗ ನೆಗೆಟಿವ್ ಬಂದ್ರೂ ಅದಕ್ಕೆ ಬೆಲೆ ಇಲ್ಲ. ಆದ್ರೂ ಬೆರಳು ಚುಚ್ಚಿ ರಕ್ತ ಹಾಕ್ದೆ, ಬಫರ್ ಹಾಕ್ದೆ. ಬಿಳಿ ಪಟ್ಟಿ ಮೇಲೆ ಕೆಂಪು ಮೆಲ್ಲಗೆ ಹತ್ತಿಕೊಂಡು ಹೋಗುತ್ತೆ, ದಿನಾ ನೋಡೋದೇ, ಅವತ್ತು ಮಾತ್ರ ಹೊಟ್ಟೆ ಒಳಗೆ ಹತ್ತಿದ ಹಾಗಾಯ್ತು. ಸಿ ಅಂತ ಇರೋ ಕಡೆ ಗೆರೆ ಬಂತು. ಅದು ಬರ್ಲೇಬೇಕು, ಕಾರ್ಡ್ ಸರಿ ಇದೆ ಅಂತ. 1, 2 ಅಂತ ಇರೋ ಕಡೆ ಏನಿಲ್ಲ. 20 ನಿಮಿಷ ಆಯ್ತು, ಏನಿಲ್ಲ. ಉಸಿರು ಬಂತು.

ಅಷ್ಟೊತ್ತಿಗೆ ಒಬ್ರು ಡೆಂಗ್ಯೂ ಪೇಷಂಟ್ ಪ್ಲೇಟ್‌ಲೆಟ್ ನೋಡಿ ಅಂತ ಬಂದ್ರು. ಅವರದ್ದು ಮುಗಿಸಿ, ರಿಪೋರ್ಟ್ ಕೊಟ್ಟು, ವಾಪಸ್ ಬಂದು ಕಾರ್ಡ್ ಬಿಸಾಕೋಕೆ ಎತ್ತಿಕೊಂಡೆ. ಗಂಟೆ ಮೇಲಾಗಿತ್ತು. 1 ಇರೋ ಕಡೆ ನೆರಳಿನ ಥರ ಒಂದು ಗೆರೆ.

ಟ್ಯೂಬ್‌ಲೈಟ್ ಕೆಳಗೆ ಹಿಡಿದೆ, ಇದೆ. ಓರೆ ಮಾಡಿ ಹಿಡಿದೆ, ಇಲ್ಲ. ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡ್ದೆ, ಇದೆ. ಇನ್ನೊಂದು ಕಾರ್ಡ್ ಹಾಕ್ದೆ. 20 ನಿಮಿಷಕ್ಕೆ ಏನಿಲ್ಲ, ನಂಬಿಕೆ ಬರದೇ ಅಲ್ಲೇ ಸ್ಟೂಲ್ ಹಾಕ್ಕೊಂಡು ಅದು ಒಣಗೋ ತನಕ ಕೂತೆ, ಒಣಗಿದ್ಮೇಲೆ ಮತ್ತೆ ಆ ನೆರಳು. ಮೂರನೇದು. ಮನೆಯಿಂದ ಎಂಟು ಮಿಸ್ ಕಾಲ್.

ನಂಗೆ ಕೆಲಸ ಕಲಿಸಿದ ಸರ್ ಇದಾರೆ, ರಿಟೈರ್ ಆಗಿದಾರೆ, ಸಿರಿಂಜ್ ಕುದಿಸಿ ಬಳಸ್ತಿದ್ದ ಕಾಲದೋರು. ರಾತ್ರಿ ಹತ್ತೂವರೆಗೆ ಅವ್ರಿಗೆ ಫೋಟೋ ಕಳಿಸ್ದೆ, ಪೇಷಂಟ್‌ದು ಸರ್, ಏನಂತೀರ ಅಂತ. ಕಾಲ್ ಮಾಡಿದ್ರು. ಎಷ್ಟು ನಿಮಿಷಕ್ಕೆ ನೋಡಿದ್ದು ಅಂದ್ರು. ಒಂದು ಗಂಟೆ ಮೇಲೆ ಸರ್. ಬೈದ್ರು, ಹಿಂದಿನ ಕಾಲದ ಥರ ಬೈದ್ರು. ಆ ಕಾರ್ಡ್ ಜೊತೆ ಒಂದು ಚೀಟಿ ಬರುತ್ತಲ್ಲ ಓದಿದೀಯಾ, 20 ನಿಮಿಷ ಆದ್ಮೇಲೆ ಅದು ಟೆಸ್ಟ್ ಅಲ್ಲ, ಒಣಗಿದ ಕಾಗದ, ಒಣಗಿದ್ಮೇಲೆ ಗೆರೆ ಹಾಕಿರೋ ಜಾಗ ಕಾಣುತ್ತೆ, ಪೇಷಂಟಿಗೆ ಏನಾದ್ರೂ ಹೇಳ್ಬಿಟ್ಯಾ? ಇಲ್ಲ ಸರ್ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, ಪೇಷಂಟ್ ಊಟ ಮಾಡಿದಾಳಾ ಅಂದ್ರು. ನಾನು ಅತ್ತುಬಿಟ್ಟೆ.

ಮಾರನೇ ದಿನ ಮೂರು ಕಾರ್ಡಿನ ದುಡ್ಡು ಡ್ರಾಯರಲ್ಲಿ ಹಾಕಿ ರಿಜಿಸ್ಟರಲ್ಲಿ ಸ್ಪಾಯಿಲ್ಡ್ ಅಂತ ಬರೆದೆ. ಕಿಟ್ ಡ್ರಾಯರಿನ ಕೀ ಆ ಟ್ರೈನಿಂಗ್ ಹುಡುಗಿ ಕೈಗೆ ಕೊಟ್ಟೆ, ನಾನು ಕೇಳಿದ್ರೂ ಕೊಡ್ಬೇಡ, ಬೇಕಾದ್ರೆ ನೀನೇ ತೆಗೆದು ಕೊಡು ಅಂತ. ಅವಳು ಯಾಕೆ ಅಂತ ಕೇಳಲಿಲ್ಲ.

ಆರು ವಾರಕ್ಕೆ ಐಸಿಟಿಸಿಗೆ, ಅಂದ್ರೆ ಸರ್ಕಾರದ ಎಚ್‌ಐವಿ ಟೆಸ್ಟ್, ಕೌನ್ಸೆಲಿಂಗ್ ಸೆಂಟರಿಗೆ ಹೋದೆ. ಅಲ್ಲಿ ಕೌಂಟರಿನ ಈಚೆ ಕೂತಿದ್ದು ಅದೇ ಮೊದಲು. ನಾವು ಲ್ಯಾಬಲ್ಲಿ ರಿಪೋರ್ಟ್ ಅರ್ಧ ಗಂಟೆ ಆಗುತ್ತೆ, ಕಾಫಿ ಕುಡಿದು ಬನ್ನಿ ಅಂತ ಎಷ್ಟು ಸಲೀಸಾಗಿ ಹೇಳ್ತೀವಿ. ಬೆಂಚ್ ಮೇಲೆ ನನ್ ಪಕ್ಕ ಒಬ್ಳು ಬಸುರಿ, ಅವಳಮ್ಮ, ಆ ಕಡೆ ಕೆಲಸದ ಬಟ್ಟೇಲೇ ಬಂದಿದ್ದ ಒಬ್ಬ ಲಾರಿ ಕ್ಲೀನರ್ ಹುಡುಗ. ಯಾರೂ ಯಾರನ್ನೂ ನೋಡ್ತಿರಲಿಲ್ಲ, ಎಲ್ರೂ ಗೋಡೆ ಮೇಲಿನ 1097 ಸಹಾಯವಾಣಿ ಪೋಸ್ಟರೇ ಓದ್ತಿದ್ವಿ. ರಿಪೋರ್ಟ್ ಬಂತು, ನೆಗೆಟಿವ್, ಅಲ್ಲಿನ ಭಾಷೇಲಿ ನಾನ್ ರಿಯಾಕ್ಟಿವ್. ಕೌನ್ಸೆಲರ್ ಮೇಡಂ ಕೇಳಿದ್ರು, ನಡುವೆ ಬೇರೆ ಕಡೆ ಎಲ್ಲಾದ್ರೂ ಟೆಸ್ಟ್ ಮಾಡಿಸಿದ್ರಾ ಅಂತ. ಹೇಳ್ದೆ. ಅವರು ನಗಲಿಲ್ಲ. ನಿಮ್ಮಂಥೋರು ತುಂಬ ಜನ ಬರ್ತಾರೆ, ಕಿಟ್ ಕೈಲಿ ಇಲ್ದೇ ಇರೋರು ಲ್ಯಾಬಿಂದ ಲ್ಯಾಬಿಗೆ ಹೋಗ್ತಾರೆ, ನಿಮ್ಮ ಲ್ಯಾಬಿಗೂ ಬಂದಿರ್ತಾರೆ ನೋಡಿ ಅಂದ್ರು. ಹೌದು, ಬಂದಿದಾರೆ. ಒಬ್ಬ ಹುಡುಗ ತಿಂಗಳಲ್ಲಿ ನಾಕು ಸಲ ಬಂದಿದ್ದ, ಪ್ರತಿ ಸಲ ಬೇರೆ ಬೇರೆ ಹೆಸರು, ನಾವು ಹಿಂದೆ ನಿಂತು ನಕ್ಕಿದ್ವಿ.

ಮೂರು ತಿಂಗಳಿಗೂ ನಾನ್ ರಿಯಾಕ್ಟಿವ್. ಹೆಪಟೈಟಿಸ್ ಬಿ, ಸಿ ಎರಡೂ ಇಲ್ಲ. ಲಸಿಕೆ ಮೈಗೆ ಹತ್ತಿದ್ಯಾ ಅಂತ ಟೈಟರ್, ಅಂದ್ರೆ ರಕ್ತದಲ್ಲಿ ಆ್ಯಂಟಿಬಾಡಿ ಎಷ್ಟಿದೆ ಅಂತ ನೋಡಿಸ್ದೆ, 10ರ ಮೇಲಿದ್ರೆ ಸಾಕು, ನಂದು ಅದಕ್ಕಿಂತ ಎಷ್ಟೋ ಮೇಲಿತ್ತು.

ಓನರ್ ಒಂದು ದಿನ ಎಲ್ರೆದುರಿಗೇ, ಏನಮ್ಮ ನಿನ್ ರಿಪೋರ್ಟ್ ಏನಾಯ್ತು ಅಂದ್ರು. ಸರ್, ಅದು ನಿಮಗೆ ಹೇಳ್ಬೇಕು ಅಂತಿಲ್ಲ ಅಂದೆ. ಅವ್ರಿಗೆ ಬೇಜಾರಾಯ್ತು. ಕೆಟ್ಟೋರಲ್ಲ ಅವರು, ಗೊತ್ತಿಲ್ಲ ಅಷ್ಟೇ. ಅದೇ ವಾರ ನೀಡಲ್ ಕಟರ್ ಎರಡು ಬಂತು, ಬಿಳಿ ಡಬ್ಬಿ ಒಂದು ಡಜನ್ ಬಂತು. ನಾನು ಪ್ರತಿ ಡಬ್ಬಿ ಮೇಲೂ ಮುಕ್ಕಾಲಿಗೆ ಮಾರ್ಕರಲ್ಲಿ ಗೆರೆ ಎಳೆದಿದೀನಿ.

ಆರು ತಿಂಗಳ ಟೆಸ್ಟ್ ಹೋದ ತಿಂಗಳು ಆಯ್ತು. ನಮ್ಮನೆಯವ್ರು ರಜಾ ಹಾಕಿ ಜೊತೆಗೆ ಬಂದಿದ್ರು. ರಿಪೋರ್ಟ್ ಅವ್ರ ಕೈಗೆ ಕೊಟ್ಟೆ, ಎರಡು ಸಲ ಓದಿ, ಮಡಚಿ, ಟಿಕೆಟ್ ಬ್ಯಾಗಿನ ಒಳಗಿನ ಜೇಬಿಗೆ ಹಾಕ್ಕೊಂಡ್ರು, ಇನ್ನೂ ಅಲ್ಲೇ ಇದೆ. ಬರೋಕೆ ಮುಂಚೆ ಎಆರ್‌ಟಿ ಸೆಂಟರ್ ಕಿಟಕಿ ಹತ್ರ ಹೋಗಿ ಆ ಲೇಬಲ್ ಇಲ್ಲದ ಬಾಟಲಿ ಬ್ಯಾಗಿಂದ ತೆಗೆದು ಇಟ್ಟೆ. 28 ದಿನಕ್ಕೇ ಕೊಡ್ಬೇಕಿತ್ತು, ಮನಸ್ಸಾಗಿರಲಿಲ್ಲ. ಫಾರ್ಮಸಿಸ್ಟ್ ಮುಚ್ಚಳ ತೆಗೆದು ಕಾಗದದ ಮೇಲೆ ಸುರಿದ್ರು, ಬೆರಳಲ್ಲಿ ಒಂದೊಂದೇ ಸರಿಸಿ ಎಣಿಸಿದ್ರು. ಮೂರು ಉಳಿದಿದೆ ಅಲ್ವಾ ಅಂದ್ರು. ಹೂಂ ಮೂರು ಅಂದೆ. ಬರ್ಕೊಂಡ್ರು.